ಕಂದು ಬಣ್ಣದ ತರಂಗದೂರ ಎಷ್ಟು?

ಹತ್ತನೆಯ ತರಗತಿಯ ‘ಮಾನವನ ಕಣ್ಣು ಮತ್ತು ವರ್ಣಮಯ ಜಗತ್ತು’ ಅಧ್ಯಾಯಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆದು ತರುವ ಪಾಠಯೋಜನೆಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ‘ಬೆಳಕಿನ ಬಣ್ಣವನ್ನು ಅದರ ತರಂಗದೂರವೂ ಪ್ರಕಾಶವನ್ನು ಅದರ ಪಾರವೂ ನಿರ್ಧರಿಸುತ್ತವೆ.’ ಕಪ್ಪುಹಲಗೆಯ ಸಾರಾಂಶದಲ್ಲಿ ಇದೇ ವಾಕ್ಯ, ಮೌಲ್ಯಮಾಪನದ ಪ್ರಶ್ನೆಯಲ್ಲೂ ಇದೇ ವಾಕ್ಯ. ಇದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧ ಶಿಕ್ಷಕರ ಕೈಯಲ್ಲಿ ಇಲ್ಲದಿದ್ದರೆ ತರಗತಿಯಲ್ಲಿ ಏನಾಗುತ್ತದೆ ಎಂಬುದನ್ನು ವೀಕ್ಷಣಾ ಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತು ಹಲವು ಬಾರಿ ನೋಡಿದ್ದೇನೆ.

ಅಂಥ ಒಂದು ಅವಧಿಯನ್ನು ಹೇಳುತ್ತೇನೆ. ಪ್ರಶಿಕ್ಷಣಾರ್ಥಿ ಚೆನ್ನಾಗಿ ತಯಾರಾಗಿ ಬಂದಿದ್ದರು. ಪಟ್ಟಕ ಇತ್ತು, ಏಳು ಬಣ್ಣಗಳ ಚಾರ್ಟ್ ಇತ್ತು, ಪ್ರತಿ ಬಣ್ಣದ ಎದುರು ತರಂಗದೂರವನ್ನು ನ್ಯಾನೋಮೀಟರಿನಲ್ಲಿ ಬರೆದಿತ್ತು. ಚಾರ್ಟನ್ನು ನೋಡುತ್ತಿದ್ದ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಮಿಸ್, ಕಂದು ಬಣ್ಣ ಇದರಲ್ಲಿ ಇಲ್ವಲ್ಲ, ಅದರ ತರಂಗದೂರ ಎಷ್ಟು?’ ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡವರಿಸಿ, ‘ಅದು ಸಿಲಬಸ್‌ನಲ್ಲಿ ಇಲ್ಲ, ಕೂತ್ಕೊ’ ಎಂದರು. ಪಾಠ ಮುಂದುವರಿಯಿತು. ಆ ಅವಧಿಯಲ್ಲಿ ಕೇಳಿಬಂದ ಅತ್ಯುತ್ತಮ ಪ್ರಶ್ನೆ ಅದೇ ಎಂದು ನಾನು ವೀಕ್ಷಣಾ ಪುಸ್ತಕದಲ್ಲಿ ಬರೆದೆ.

ಉತ್ತರ ಚಿಕ್ಕದು. ಕಂದು ಬಣ್ಣಕ್ಕೆ ತರಂಗದೂರವೇ ಇಲ್ಲ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮಕ್ಕಳು ಬಿಡುವುದಿಲ್ಲ, ಬಿಡಲೂಬಾರದು. ಹಾಗಾದರೆ ಆ ಬಣ್ಣ ಎಲ್ಲಿಂದ ಬಂತು?

ವಿಲೋಮ ಸತ್ಯವಲ್ಲ

ಬೆಳಕು ಅಲೆಯಾಗಿ ಚಲಿಸುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗದೂರದ ಅಲೆಗಳು ಮಾತ್ರ. ಒಂದು ತಲೆಗೂದಲಿನ ದಪ್ಪದಲ್ಲಿ ಹೆಚ್ಚುಕಡಿಮೆ ನೂರು ಕೆಂಪು ಅಲೆಗಳು ಸಾಲಾಗಿ ಕೂರುತ್ತವೆ ಎಂದರೆ ಮಕ್ಕಳಿಗೆ ಅಳತೆ ಸಿಗುತ್ತದೆ. 700ರ ಕಡೆ ಕೆಂಪು, 400ರ ಕಡೆ ನೇರಿಳೆ. ಇದನ್ನು ನಾವೆಲ್ಲ ಚೆನ್ನಾಗಿಯೇ ಕಲಿಸುತ್ತೇವೆ, ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ.

ತೊಡಕು ಇರುವುದು ವಾಕ್ಯದ ದಿಕ್ಕಿನಲ್ಲಿ. ‘ಒಂದೇ ತರಂಗದೂರದ ಬೆಳಕು ಕಣ್ಣಿಗೆ ಬಿದ್ದರೆ ಒಂದು ನಿರ್ದಿಷ್ಟ ಬಣ್ಣ ಕಾಣುತ್ತದೆ’ ಎಂಬುದು ಸರಿ. ‘ಒಂದು ಬಣ್ಣ ಕಂಡರೆ ಅಲ್ಲಿ ಆ ತರಂಗದೂರದ ಬೆಳಕು ಇದೆ’ ಎಂಬುದು ಸರಿಯಲ್ಲ. ಇದೇ ಮಕ್ಕಳು ಗಣಿತದ ಅವಧಿಯಲ್ಲಿ ಪ್ರಮೇಯವನ್ನೂ ಅದರ ವಿಲೋಮವನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ಚೌಕಗಳೆಲ್ಲ ಆಯತಗಳು, ಆದರೆ ಆಯತಗಳೆಲ್ಲ ಚೌಕಗಳಲ್ಲ ಎಂದು ಅವರಿಗೆ ಗೊತ್ತು. ವಿಜ್ಞಾನದ ಅವಧಿಗೆ ಬಂದಾಗ ಆ ಎಚ್ಚರವನ್ನು ನಾವೇ ಅವರಿಂದ ಕಿತ್ತುಕೊಳ್ಳುತ್ತೇವೆ.

ಹಳದಿಯನ್ನೇ ತೆಗೆದುಕೊಳ್ಳಿ. ಉಪ್ಪು ಹಾಕಿದ ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಬಿದ್ದಾಗ ನೀಲಿ ಉರಿ ಒಮ್ಮೆಲೇ ಹಳದಿಯಾಗುವುದನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. ಅದು ಉಪ್ಪಿನಲ್ಲಿರುವ ಸೋಡಿಯಂನ ಬೆಳಕು, ತರಂಗದೂರ ಸುಮಾರು 589 ನ್ಯಾನೋಮೀಟರ್. ಚಾರ್ಟಿನಲ್ಲಿ ಬರೆದ ಹಳದಿ ಇದೇ. ಈಗ ಮೊಬೈಲಿನ ಪರದೆಯ ಮೇಲೆ ಒಂದು ಹಳದಿ ಚಿತ್ರ ತೆರೆಯಿರಿ. ಅದೂ ಹಳದಿಯೇ. ಆದರೆ ಸಾಮಾನ್ಯ ಮೊಬೈಲ್ ಪರದೆಯಲ್ಲಿ ಹಳದಿ ಬೆಳಕು ಕೊಡುವ ಬಿಂದು ಒಂದೂ ಇಲ್ಲ. ಇರುವುದು ಕೆಂಪು, ಹಸಿರು, ನೀಲಿ ಬಿಂದುಗಳು ಮಾತ್ರ. ಕೆಂಪೂ ಹಸಿರೂ ಉರಿಯುತ್ತವೆ, ನಮಗೆ ಹಳದಿ ಕಾಣುತ್ತದೆ.

ಇದಕ್ಕೆ ಬೇಕಾದ ಬೋಧನೋಪಕರಣ ಒಂದು ಹನಿ ನೀರು. ಬೆರಳ ತುದಿಯಿಂದ ಪರದೆಯ ಮೇಲೆ ಸಣ್ಣ ಹನಿಯೊಂದನ್ನು ಇಡಿ. ಹನಿ ಮಸೂರದಂತೆ ಕೆಲಸ ಮಾಡಿ ಅಡಿಯ ಬಿಂದುಗಳನ್ನು ದೊಡ್ಡದಾಗಿ ತೋರಿಸುತ್ತದೆ. ಹಳದಿ ಭಾಗದ ಮೇಲೆ ಹನಿ ಇಟ್ಟು ನೋಡಿದ ಮಕ್ಕಳ ಬಾಯಿಂದ ಬರುವ ‘ಅಯ್ಯೋ, ಹಳದೀನೇ ಇಲ್ಲ!’ ಎಂಬ ಉದ್ಗಾರಕ್ಕೆ ಯಾವ ಪ್ರೇರಣಾ ತಂತ್ರವೂ ಸಮವಲ್ಲ. ಕೊಠಡಿಯನ್ನು ಕತ್ತಲು ಮಾಡಲು ಸಾಧ್ಯವಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಹಳೆಯ ಸಿ.ಡಿ.ಯ ಹೊಳೆಯುವ ಮೈಯಲ್ಲಿರುವ ಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್. ಬೆಳಕಿನ ತರಂಗದೂರಕ್ಕೆ ಇದು ಹತ್ತಿರದ ಅಳತೆಯಾದ್ದರಿಂದ ಸಿ.ಡಿ. ಬೆಳಕನ್ನು ಬಿಡಿಸಿ ತೋರಿಸುತ್ತದೆ. ಪರದೆಯ ಹಳದಿಯನ್ನು ಅದರಲ್ಲಿ ಓರೆಯಾಗಿ ನೋಡಿದರೆ ಕೆಂಪು, ಹಸಿರು ಬೇರೆಯಾಗುತ್ತವೆ. ಉಪ್ಪಿನ ಜ್ವಾಲೆಯ ಹಳದಿ ಮುಖ್ಯವಾಗಿ ಹಳದಿಯಾಗಿಯೇ ಉಳಿಯುತ್ತದೆ.

ಒಟ್ಟು ಅಂಕ ಮಾತ್ರ ತಿಳಿದಾಗ

ಎರಡು ಬೇರೆ ಬೆಳಕುಗಳು ಒಂದೇ ಬಣ್ಣವಾಗಿ ಕಾಣುವುದೇಕೆ? ಅಕ್ಷಿಪಟಲದಲ್ಲಿ ಮೂರು ಬಗೆಯ ಶಂಕುಕೋಶಗಳಿವೆ. ಒಂದು ಬಗೆ ಸುಮಾರು 420, ಇನ್ನೊಂದು 530, ಮತ್ತೊಂದು 560 ನ್ಯಾನೋಮೀಟರಿನ ಆಸುಪಾಸಿನ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. (ಇವನ್ನು ನೀಲಿ, ಹಸಿರು, ಕೆಂಪು ಶಂಕುಗಳು ಎಂದು ಕರೆಯುವ ರೂಢಿಯಿದೆ. ನನಗೆ ಆ ಹೆಸರುಗಳು ಇಷ್ಟವಿಲ್ಲ. 560 ಎಂಬುದು ಕೆಂಪಲ್ಲ, ಹಳದಿಗೆ ತಿರುಗಿದ ಹಸಿರು.) ಮೂರರ ವ್ಯಾಪ್ತಿಯೂ ಒಂದರ ಮೇಲೊಂದು ಹಾಯುತ್ತದೆ. ಮುಖ್ಯ ಸಂಗತಿಯೆಂದರೆ, ಯಾವ ಶಂಕುವೂ ತನ್ನ ಮೇಲೆ ಬಿದ್ದ ಬೆಳಕಿನ ತರಂಗದೂರವನ್ನು ಮಿದುಳಿಗೆ ವರದಿ ಮಾಡುವುದಿಲ್ಲ. ‘ನಾನು ಇಷ್ಟು ಪ್ರಚೋದನೆಗೊಂಡೆ’ ಎಂಬ ಒಂದೇ ಪ್ರಮಾಣವನ್ನು ತಿಳಿಸುತ್ತದೆ.

ಇದನ್ನು ಶಿಕ್ಷಕರಿಗೆ ವಿವರಿಸುವುದು ಸುಲಭ. ಒಬ್ಬ ವಿದ್ಯಾರ್ಥಿಗೆ ವಿಜ್ಞಾನದಲ್ಲಿ 62 ಅಂಕ ಬಂದಿದೆ ಎಂದು ಅಂಕಪಟ್ಟಿ ಹೇಳುತ್ತದೆ. ಯಾವ ಪ್ರಶ್ನೆಗೆ ಎಷ್ಟು ಬಂತು ಎಂದು ಹೇಳುವುದಿಲ್ಲ. ಬೇರೆಬೇರೆ ಪ್ರಶ್ನೆಗಳಿಗೆ ಉತ್ತರಿಸಿದ ಇಬ್ಬರು ಮಕ್ಕಳು ಮೂರು ವಿಷಯಗಳಲ್ಲೂ ಅಷ್ಟಷ್ಟೇ ಅಂಕ ಪಡೆದಿದ್ದರೆ ಅಂಕಪಟ್ಟಿಯ ಮಟ್ಟಿಗೆ ಅವರಿಬ್ಬರೂ ಒಂದೇ. ಮಿದುಳಿಗೆ ತಲುಪುವುದೂ ಇಂಥ ಮೂರು ಸಂಖ್ಯೆಗಳ ಅಂಕಪಟ್ಟಿ. 589ರ ಬೆಳಕು ಒಂಟಿಯಾಗಿ ತರುವ ಮೂರು ಸಂಖ್ಯೆಗಳನ್ನೇ ಕೆಂಪು, ಹಸಿರುಗಳ ತಕ್ಕ ಮಿಶ್ರಣವೂ ತರಬಲ್ಲದು. ಆಗ ಕಣ್ಣಿಗೆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ.

ಈ ಮೂರರ ಕಲ್ಪನೆಯನ್ನು ಮೊದಲು ಸ್ಪಷ್ಟವಾಗಿ ಮುಂದಿಟ್ಟವರಲ್ಲಿ ಥಾಮಸ್ ಯಂಗ್ ಪ್ರಮುಖ. 1801ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ನೀಡಿದ ಉಪನ್ಯಾಸದಲ್ಲಿ ಅವರು ಬೆಳಕು ಅಲೆ ಎಂದು ವಾದಿಸಿದರು. ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿದ್ದರೆ ಸಾಕು ಎಂಬ ಊಹೆಯನ್ನೂ ಅದರಲ್ಲೇ ಸೇರಿಸಿದರು. ವೃತ್ತಿಯಿಂದ ಅವರು ವೈದ್ಯರು. ವ್ಯತಿಕರಣದ ಪಾಠದಲ್ಲಿ ಯಂಗ್ ಹೆಸರು ಬರುತ್ತದೆ, ಕಣ್ಣಿನ ಪಾಠದಲ್ಲಿ ಬರುವುದಿಲ್ಲ. ಅವರಿಗಿಂತ ಮೊದಲೇ, 1704ರಲ್ಲಿ ಪ್ರಕಟವಾದ ‘ಆಪ್ಟಿಕ್ಸ್’ ಗ್ರಂಥದಲ್ಲಿ ನ್ಯೂಟನ್, ಕಿರಣಗಳಿಗೇ ಬಣ್ಣವಿಲ್ಲ, ಬಣ್ಣದ ಅನುಭವವನ್ನು ನಮ್ಮಲ್ಲಿ ಎಬ್ಬಿಸುವ ಗುಣ ಮಾತ್ರ ಅವಕ್ಕಿದೆ ಎಂದು ಎಚ್ಚರಿಸಿದ್ದರು. ಪಟ್ಟಕದ ಪ್ರಯೋಗವನ್ನು ಮಾಡಿ ತೋರಿಸಿದವರೇ ಹೇಳಿದ ಮಾತು ಇದು ಎಂಬುದನ್ನು ಗಮನಿಸಿ.

ಸೀರೆ ಅಂಗಡಿಯಲ್ಲಿ ರವಿಕೆ ಬಟ್ಟೆಯನ್ನು ಸೀರೆಗೆ ಹೊಂದಿಸಿದ ಮೇಲೂ ಅಮ್ಮಂದಿರು ಎರಡನ್ನೂ ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡುವುದು ಸುಮ್ಮನೆ ಅಲ್ಲ. ಬೇರೆ ಬಣ್ಣಗಳಲ್ಲಿ ಅದ್ದಿದ ಎರಡು ಬಟ್ಟೆಗಳು ಅಂಗಡಿಯ ದೀಪದಡಿ ಕಣ್ಣಿಗೆ ಒಂದೇ ಅಂಕಪಟ್ಟಿ ಕೊಡಬಹುದು. ಬಿಸಿಲಿನಲ್ಲಿ ತರಂಗದೂರಗಳ ಮಿಶ್ರಣವೇ ಬೇರೆಯಾದ್ದರಿಂದ ಅಲ್ಲಿ ಅಂಕಗಳು ಬೇರೆಯಾಗಿ ಗುಟ್ಟು ರಟ್ಟಾಗುತ್ತದೆ.

ಈಗ ಚಾರ್ಟಿನಲ್ಲಿ ಇಲ್ಲದ ಬಣ್ಣಗಳಿಗೆ ಬರೋಣ. ಸೀರೆಯವರು ರಾಣಿ ಬಣ್ಣ ಎನ್ನುವ ಕಡುಗುಲಾಬಿ ಕಾಮನಬಿಲ್ಲಿನಲ್ಲಿ ಎಲ್ಲಿಯೂ ಇಲ್ಲ. ರೋಹಿತದ ಎರಡು ತುದಿಗಳ ಬೆಳಕು, ಕೆಂಪು ಮತ್ತು ನೀಲಿ, ಕೂಡಿ ಬಂದು ನಡುವಿನ ಹಸಿರು ಇಲ್ಲದಿದ್ದಾಗ ಮಿದುಳು ಕೊಡುವ ಬಣ್ಣ ಅದು. ಕಂದಿನ ಕಥೆ ಇನ್ನೂ ವಿಚಿತ್ರ. ಕಂದು ಎಂದರೆ ಸುತ್ತಲಿನದಕ್ಕಿಂತ ಮಂದವಾದ ಕಿತ್ತಳೆ. ಕಂದು ಬೆಳಕು ಚೆಲ್ಲುವ ಟಾರ್ಚನ್ನು ಯಾರೂ ನೋಡಿಲ್ಲ, ನೋಡುವುದೂ ಇಲ್ಲ, ಏಕೆಂದರೆ ಹೋಲಿಸಲು ಪಕ್ಕದಲ್ಲಿ ಹೆಚ್ಚು ಪ್ರಕಾಶದ ವಸ್ತು ಇದ್ದಾಗ ಮಾತ್ರ ಕಂದು ಹುಟ್ಟುತ್ತದೆ. ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಬಿಸಿಲಿನಲ್ಲಿಟ್ಟು, ಕಪ್ಪು ಕಾಗದ ಸುತ್ತಿ ಮಾಡಿದ ಉದ್ದನೆಯ ಕೊಳವೆಯಿಂದ ಅದೊಂದೇ ಕಾಣುವಂತೆ ನೋಡಿಸಿ. ಕಂದು ಕಿತ್ತಳೆಯ ಕಡೆಗೆ ವಾಲುತ್ತದೆ. ಕೊಳವೆ ತೆಗೆದರೆ ಮತ್ತೆ ಕಂದು. ಕಣ್ಣಿಗೆ ಬಂದ ಅಲೆಗಳು ಎರಡು ಸಲವೂ ಅವೇ.

ಪಾರ ಹೆಚ್ಚಿದರೆ ಬಿಳಿಯೇ?

ವಾಕ್ಯದ ಎರಡನೆಯ ಭಾಗದ ಮೇಲೂ ಇಂಥದೇ ಪ್ರಶ್ನೆ ಏಳುತ್ತದೆ. ಅಲೆಯ ಪಾರ ಹೆಚ್ಚಿದಂತೆ ಬೆಳಕಿನ ತೀವ್ರತೆ ಹೆಚ್ಚುತ್ತದೆ, ಅದೂ ಪಾರದ ವರ್ಗಕ್ಕೆ ಅನುಪಾತದಲ್ಲಿ. ಆದರೆ ಕಣ್ಣು ತೀವ್ರತೆಯನ್ನು ಅಳೆಯುವ ಮೀಟರ್ ಅಲ್ಲ. ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ, ತರಗತಿ ಕೊಠಡಿಯೊಳಗೆ 300 ಲಕ್ಸ್ ಇದ್ದರೆ ಹೆಚ್ಚು. ಕಪ್ಪು ಸ್ಲೇಟು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಐದು ಪಾಲನ್ನು, ಬಿಳಿ ಹಾಳೆ ಎಂಬತ್ತು ಪಾಲನ್ನು ಹಿಂದೆ ಕಳಿಸುತ್ತದೆ ಎಂದಿಟ್ಟುಕೊಂಡು ಮಕ್ಕಳಿಂದಲೇ ಲೆಕ್ಕ ಮಾಡಿಸಿ. ಅಂಗಳದ ಬಿಸಿಲಿನಲ್ಲಿರುವ ಕಪ್ಪು ಸ್ಲೇಟಿನಿಂದ 5,000, ಕೊಠಡಿಯ ಬಿಳಿ ಹಾಳೆಯಿಂದ 240. ಕಪ್ಪು ವಸ್ತುವಿನಿಂದ ಬರುವ ಬೆಳಕು ಬಿಳಿ ವಸ್ತುವಿನದಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚು! ಆದರೂ ಸ್ಲೇಟು ಕಪ್ಪಾಗಿಯೇ, ಹಾಳೆ ಬಿಳಿಯಾಗಿಯೇ ಕಾಣುತ್ತವೆ. ಕಣ್ಣು, ಮಿದುಳು ಅಕ್ಕಪಕ್ಕದವುಗಳೊಂದಿಗೆ ಹೋಲಿಸಿ ತೀರ್ಮಾನಿಸುತ್ತವೆ.

ಸಂಜೆ ಮಬ್ಬುಗತ್ತಲಾಗುವಾಗ ದಾಸವಾಳದ ಗಿಡವನ್ನು ಗಮನಿಸಲು ಮನೆಗೆಲಸ ಕೊಡಿ. ಹಗಲಿನಲ್ಲಿ ಎದ್ದು ಕಾಣುತ್ತಿದ್ದ ಕೆಂಪು ಹೂ ಮೊದಲು ಕಪ್ಪಾಗುತ್ತದೆ, ಎಲೆಗಳು ಇನ್ನೂ ಸ್ವಲ್ಪ ಹೊತ್ತು ತಿಳಿಯಾಗಿ ಉಳಿಯುತ್ತವೆ. ಬೆಳಕು ಕಡಿಮೆಯಾದಾಗ ಕೆಲಸ ವಹಿಸಿಕೊಳ್ಳುವ ದಂಡಕೋಶಗಳು 500 ನ್ಯಾನೋಮೀಟರಿನ ಸುತ್ತ ಚುರುಕು, ಕೆಂಪು ಬೆಳಕಿಗೆ ಅವು ಬಹುತೇಕ ಕುರುಡು. ಈ ಬದಲಾವಣೆಯನ್ನು 19ನೆಯ ಶತಮಾನದ ಮೊದಲ ಭಾಗದಲ್ಲಿ ಗುರುತಿಸಿದ ಪುರ್ಕಿಂಜೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

ಬಾವಿಯೊಳಗಿನ ಕೆಂಪು ಚಡ್ಡಿ

ಜಾಣ ವಿದ್ಯಾರ್ಥಿಗಳಿಗಾಗಿ ಒಂದು ಪ್ರಶ್ನೆಯನ್ನು ನಾನು ಕೈಯಲ್ಲಿ ಇಟ್ಟುಕೊಂಡಿರುತ್ತೇನೆ. ನೀರಿನ ವಕ್ರೀಭವನ ಸೂಚ್ಯಂಕ 1.33. ಬೆಳಕು ನೀರಿಗೆ ಇಳಿದಾಗ ಅದರ ವೇಗವೂ ತರಂಗದೂರವೂ ಅಷ್ಟೇ ಪಾಲು ಕುಗ್ಗುತ್ತವೆ. ಗಾಳಿಯಲ್ಲಿ 650 ನ್ಯಾನೋಮೀಟರ್ ಇದ್ದ ಕೆಂಪು ಬೆಳಕು ನೀರಿನಲ್ಲಿ ಸುಮಾರು 490 ಆಗುತ್ತದೆ. ಚಾರ್ಟಿನ ಪ್ರಕಾರ 490 ನೀಲಿ-ಹಸಿರು. ಹಾಗಾದರೆ ಬಾವಿಯಲ್ಲಿ ಮುಳುಗಿ ಕಣ್ಣು ಬಿಟ್ಟ ಹುಡುಗನಿಗೆ ಪಕ್ಕದಲ್ಲಿ ಈಜುವವನ ಕೆಂಪು ಚಡ್ಡಿ ನೀಲಿಯಾಗಿ ಕಾಣಬೇಕಲ್ಲವೇ? ಕಾಣುವುದಿಲ್ಲ. ಏಕೆಂದರೆ ನೀರಿಗಿಳಿದಾಗ ಬದಲಾಗದೆ ಉಳಿಯುವುದು ಆವೃತ್ತಿ. ಶಂಕುಕೋಶದ ವರ್ಣಕ ಸ್ಪಂದಿಸುವುದೂ ಆವೃತ್ತಿಗೆ. ಅಲ್ಲದೆ ನಮ್ಮ ಕಣ್ಣುಗುಡ್ಡೆಯೊಳಗೆ ತುಂಬಿರುವುದೂ ನೀರಿನಂಥ ದ್ರವ್ಯವೇ, ಆದ್ದರಿಂದ ದಂಡೆಯ ಮೇಲೆ ನಿಂತು ನೋಡಿದರೂ ಅಕ್ಷಿಪಟಲ ತಲುಪುವ ಹೊತ್ತಿಗೆ ಆ ಅಲೆ 490ಕ್ಕೆ ಕುಗ್ಗಿಯೇ ಇರುತ್ತದೆ. ಚಾರ್ಟಿನಲ್ಲಿ ಬರೆಯುವ ತರಂಗದೂರಗಳು ನಿರ್ವಾತದ್ದೋ ಗಾಳಿಯದ್ದೋ ಎಂದು ಒಂದು ಮೂಲೆಯಲ್ಲಿ ಬರೆಸಿದರೆ ಸಾಕು, ಗೊಂದಲ ತಪ್ಪುತ್ತದೆ.

ಇಷ್ಟೆಲ್ಲ ಹೇಳಿದೆನೆಂದು ತರಂಗದೂರದ ಕೈವಾಡ ಸಣ್ಣದು ಎಂದು ತಿಳಿಯಬಾರದು. ಸೋಪಿನ ಗುಳ್ಳೆಯ ಪೊರೆಯಲ್ಲಿ ಬಣ್ಣದ ದ್ರವ ಏನೂ ಇಲ್ಲ. ಪೊರೆಯ ಮುಂಬದಿ, ಹಿಂಬದಿಗಳಿಂದ ಮರಳುವ ಅಲೆಗಳು ಸೇರಿ ಕೆಲವು ತರಂಗದೂರಗಳು ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ನವಿಲುಗರಿಯ ನೀಲಿ, ಹಸಿರುಗಳೂ ಅದರ ಸೂಕ್ಷ್ಮ ರಚನೆಯ ಕೊಡುಗೆ, ಗರಿಯಲ್ಲಿರುವ ವರ್ಣಕ ಕಪ್ಪುಗಂದಿನ ಮೆಲನಿನ್. ಆಕಾಶದ ವಿಷಯವೂ ಹೀಗೆಯೇ. ಗಾಳಿಯ ಅಣುಗಳು 400ರ ಬೆಳಕನ್ನು 700ರದ್ದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಚದುರಿಸುತ್ತವೆ. ಆದರೆ ‘ಹಾಗಾದರೆ ಆಕಾಶ ನೇರಿಳೆ ಯಾಕಲ್ಲ?’ ಎಂದು ಮಗು ಕೇಳಿದರೆ ಚದುರುವಿಕೆಯೊಂದರಿಂದಲೇ ಉತ್ತರ ಸಿಗದು. ಬಿಸಿಲಿನಲ್ಲಿ ನೇರಿಳೆಯ ಪಾಲು ಕಡಿಮೆ, ಕಣ್ಣಿಗೆ ನೇರಿಳೆಯ ಗ್ರಹಿಕೆ ಮಂದ, ಮತ್ತು ಚದುರಿ ಬಂದ ಇಡೀ ಮಿಶ್ರಣ ಮೂರು ಶಂಕುಗಳಲ್ಲಿ ಮೂಡಿಸುವ ಸಂಖ್ಯೆಗಳು ತಿಳಿನೀಲಿಯವು. ಸಮುದ್ರದ ನೀಲಿಯನ್ನು 1921ರಲ್ಲಿ ಹಡಗಿನ ಮೇಲಿಂದ ನಿಕೋಲ್ ಪಟ್ಟಕ ಹಿಡಿದು ಪರೀಕ್ಷಿಸಿದ ಸಿ.ವಿ. ರಾಮನ್, ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಹೂಗಳ ಬಣ್ಣವನ್ನೂ ಕಣ್ಣಿನ ಗ್ರಹಿಕೆಯನ್ನೂ ಅಧ್ಯಯನ ಮಾಡಿ 1968ರಲ್ಲಿ ದೃಷ್ಟಿಯ ಶರೀರಕ್ರಿಯೆಯ ಬಗ್ಗೆ ಪುಸ್ತಕ ಪ್ರಕಟಿಸಿದರು. ಫೆಬ್ರವರಿ 28ರಂದು ನಮ್ಮಲ್ಲಿ ಅಂಟಿಸುವ ಭಿತ್ತಿಪತ್ರಗಳು ಮಾತ್ರ 1930ರ ನೊಬೆಲ್‌ಗೆ ನಿಂತುಬಿಡುತ್ತವೆ.

ಹಾಗಾದರೆ ಹಲಗೆಯ ಮೇಲೆ ಏನು ಬರೆಯಬೇಕು? ಪರೀಕ್ಷೆಯಲ್ಲಿ ಅಂಕ ಸಿಗುವ ವಾಕ್ಯವನ್ನು ಅಳಿಸಿ ಎಂದು ನಾನು ಹೇಳುವುದಿಲ್ಲ. ಸ್ವಲ್ಪ ತಿದ್ದಿ ಬರೆಯಿರಿ: ‘ಒಂದೇ ತರಂಗದೂರದ ಬೆಳಕು ಸಾಮಾನ್ಯ ಕಣ್ಣಿಗೆ ಒಂದು ನಿರ್ದಿಷ್ಟ ಬಣ್ಣವಾಗಿ ಕಾಣುತ್ತದೆ. ಅದೇ ಬಣ್ಣ ಬೇರೆ ಬೆಳಕುಗಳ ಮಿಶ್ರಣದಿಂದಲೂ ಬರಬಹುದು.’ ಅಂಕವೂ ಹೋಗುವುದಿಲ್ಲ, ಕಂದು ಬಣ್ಣ ಕೇಳಿದ ಹುಡುಗಿಯನ್ನು ಕೂರಿಸಬೇಕಾಗಿಯೂ ಇಲ್ಲ.

‘ಸಾಮಾನ್ಯ ಕಣ್ಣಿಗೆ’ ಎಂಬ ಮಾತು

ಈ ಎರಡು ಪದಗಳನ್ನು ಬೇಕೆಂದೇ ಸೇರಿಸಿದ್ದೇನೆ. ಆಮ್ಲ, ಪ್ರತ್ಯಾಮ್ಲಗಳ ಪಾಠದಲ್ಲಿ ಪಿಎಚ್ ಕಾಗದದ ಚಟುವಟಿಕೆ ನಡೆಯುತ್ತಿತ್ತು. ಒಬ್ಬ ಹುಡುಗ ಹಸಿರಿಗೆ ತಿರುಗಿದ ಕಾಗದವನ್ನು ಬಣ್ಣಪಟ್ಟಿಯ ಕಿತ್ತಳೆಯ ಎದುರು ಹಿಡಿದು ಅದರ ಸಂಖ್ಯೆ ಬರೆದ. ಮತ್ತೆ ಮಾಡಿಸಿದರೂ ಹಾಗೆಯೇ. ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ ಅವನ ದಾಖಲೆ ಪುಸ್ತಕದಲ್ಲಿ ‘ಗಮನ ಸಾಲದು’ ಎಂದು ಬರೆದರು. ಗಮನವೇನೂ ಕಡಿಮೆ ಇರಲಿಲ್ಲ. ಅವನ ಅಂಕಪಟ್ಟಿಯಲ್ಲಿ ಒಂದು ವಿಷಯವೇ ಇಲ್ಲದಿರಬಹುದು ಎಂಬ ಅನುಮಾನ ಅಲ್ಲಿ ಯಾರಿಗೂ ಬರಲಿಲ್ಲ. ಮುಂದೆ ಕಣ್ಣಿನ ವೈದ್ಯರ ತಪಾಸಣೆಯಲ್ಲಿ ಕೆಂಪು-ಹಸಿರು ವರ್ಣಾಂಧತೆ ಇರುವುದು ತಿಳಿಯಿತು.

ಈ ಸ್ಥಿತಿಯನ್ನು ಮೊದಲು ವಿವರವಾಗಿ ಬರೆದವರು ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್, ಅದೂ ತಮ್ಮದೇ ಕಣ್ಣಿನ ಬಗ್ಗೆ. ಇತರರಿಗೆ ಗುಲಾಬಿಯಾಗಿ ಕಾಣುವ ಜೆರೇನಿಯಂ ಹೂ ಹಗಲಿನಲ್ಲಿ ಅವರಿಗೆ ನೀಲಿಯಾಗಿ ಕಂಡಿತು, ಮೇಣದಬತ್ತಿಯ ಬೆಳಕಿನಲ್ಲಿ ಪೂರ್ತಿ ಬೇರೆಯಾಗಿ ಕಂಡಿತು. ತಮ್ಮ ಕಣ್ಣೊಳಗಿನ ದ್ರವ್ಯವೇ ನೀಲಿ ಬಣ್ಣದ್ದಾಗಿದ್ದು ಅದು ಕೆಂಪನ್ನು ಹೀರುತ್ತಿದೆ ಎಂದು ಅವರು ಊಹಿಸಿ, 1794ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪ್ರಬಂಧ ಓದಿದರು. ತಾವು ಸತ್ತ ಮೇಲೆ ಕಣ್ಣನ್ನು ಪರೀಕ್ಷಿಸಿ ಎಂದು ಹೇಳಿದ್ದರು. 1844ರಲ್ಲಿ ಪರೀಕ್ಷಿಸಿದಾಗ ದ್ರವ್ಯ ತಿಳಿಯಾಗಿತ್ತು, ಊಹೆ ಬಿದ್ದುಹೋಯಿತು. ಕಾಪಿಟ್ಟಿದ್ದ ಆ ಕಣ್ಣಿನ ಅಂಗಾಂಶದಿಂದ 1995ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ, ನಡುವಿನ ತರಂಗದೂರಕ್ಕೆ ಸ್ಪಂದಿಸುವ ಶಂಕುವರ್ಣಕದ ಜೀನ್ ಅವರಲ್ಲಿ ಇರಲಿಲ್ಲವೆಂದು ತಿಳಿಯಿತು.

ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಕೆಂಪು-ಹಸಿರು ಗ್ರಹಿಕೆಯ ಕೊರತೆಯಿದೆ. ನಮ್ಮ ದೇಶದಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ. ಆದರೂ ಶಿಕ್ಷಕರೊಬ್ಬರು ತಮ್ಮ ಸೇವಾವಧಿಯಲ್ಲಿ ಇಂಥ ಮಕ್ಕಳನ್ನು ಕಾಣದೆ ನಿವೃತ್ತರಾಗುವುದು ಕಷ್ಟ, ಗುರುತಿಸದೆ ನಿವೃತ್ತರಾಗುವುದು ಸುಲಭ. ಜೀನ್ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ಗಂಡುಮಕ್ಕಳಲ್ಲೇ ಹೆಚ್ಚು. ತಾಯಿಯ ತಂದೆಗಿದ್ದು, ತಾಯಿಯಲ್ಲಿ ತೋರದೆ, ಮೊಮ್ಮಗನಲ್ಲಿ ಕಾಣಿಸಿಕೊಳ್ಳುವುದುಂಟು. ಇದನ್ನು ಅನುವಂಶೀಯತೆಯ ಪಾಠದಲ್ಲಿ ಹೇಳುವಾಗ ತಾಯಿಯ ಮೇಲೆ ತಪ್ಪು ಹೊರಿಸಿದಂತೆ ಕೇಳಿಸದಿರಲಿ. ರೈಲು ಚಾಲಕರಂಥ ಕೆಲವು ಹುದ್ದೆಗಳಿಗೆ ಬಣ್ಣದ ಗ್ರಹಿಕೆಯ ಪರೀಕ್ಷೆ ಇರುತ್ತದೆ. ನೇಮಕಾತಿಯ ದಿನ ಮೊದಲ ಬಾರಿಗೆ ಗೊತ್ತಾಗುವುದಕ್ಕಿಂತ ಪ್ರೌಢಶಾಲೆಯಲ್ಲೇ ಗೊತ್ತಾಗುವುದು ಲೇಸು. ಆದರೆ ಮೊಬೈಲಿನಲ್ಲಿ ಸಿಗುವ ಚುಕ್ಕಿಚಿತ್ರಗಳನ್ನು ತೋರಿಸಿ ತರಗತಿಯ ಮುಂದೆ ಪರೀಕ್ಷೆ ಮಾಡಬೇಡಿ. ಪೋಷಕರನ್ನು ಕರೆದು ಮಾತಾಡಿ, ವೈದ್ಯರಲ್ಲಿಗೆ ಕಳಿಸಿ.

ನಮ್ಮ ಕೈಯಲ್ಲಿರುವ ಕೆಲಸ ಹಲಗೆಯಿಂದ ಶುರುವಾಗುತ್ತದೆ. ಹಸಿರು ಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಿಂದ ಬರೆದದ್ದು ಆ ಹುಡುಗನಿಗೆ ಬಹುಮಟ್ಟಿಗೆ ಬರೆಯದೇ ಇದ್ದಂತೆ. ಕಿರಣಚಿತ್ರದಲ್ಲಿ ಒಂದು ಕಿರಣವನ್ನು ಕೆಂಪು, ಇನ್ನೊಂದನ್ನು ಹಸಿರು ಮಾಡುವ ಬದಲು ಒಂದನ್ನು ಅಖಂಡ ಗೆರೆ, ಇನ್ನೊಂದನ್ನು ತುಂಡು ಗೆರೆ ಮಾಡಿ, ಹೆಸರು ಬರೆಯಿರಿ. ನಕ್ಷೆಯಲ್ಲಿ ಬಣ್ಣದ ಜೊತೆಗೆ ಅಡ್ಡಗೆರೆ, ಚುಕ್ಕಿಗಳೂ ಇರಲಿ. ಪಿಎಚ್ ಚಟುವಟಿಕೆಯಲ್ಲಿ ಜೊತೆಗಾರ ಬಣ್ಣ ಓದಲಿ, ಇವನು ದ್ರಾವಣ ತಯಾರಿಸಿ ಸಂಖ್ಯೆಯಿಂದ ತೀರ್ಮಾನಕ್ಕೆ ಬರಲಿ. ಅದೇ ಅಧ್ಯಾಯದಲ್ಲಿ ಘ್ರಾಣ ಸೂಚಕಗಳ ಚಟುವಟಿಕೆಯೊಂದಿದೆ: ಹೆಚ್ಚಿದ ಈರುಳ್ಳಿಯ ಜೊತೆ ಇಟ್ಟ ಬಟ್ಟೆಯ ಚೂರುಗಳ ಮೇಲೆ ಆಮ್ಲದ ಹನಿ ಹಾಕಿದರೆ ವಾಸನೆ ಉಳಿಯುತ್ತದೆ, ಪ್ರತ್ಯಾಮ್ಲದ ಹನಿ ಹಾಕಿದರೆ ಹೋಗುತ್ತದೆ. ಕೊಠಡಿಯೆಲ್ಲ ಈರುಳ್ಳಿ ನಾರುತ್ತದೆಂದು ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಚಟುವಟಿಕೆ ಇದು. ಮುಂದಿನ ಬಾರಿ ಪಾಠಯೋಜನೆಯಲ್ಲಿ ಇದನ್ನು ಬರೆದು ತನ್ನಿ, ಕಿಟಕಿಗಳನ್ನು ತೆರೆದಿಡೋಣ.